ಟಿಕೆಟ್ ರದ್ದಾದ ಮೇಲೆ ನಾವು ಕಲಿತದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ನೆಲೆಸಿರುವ ನಮ್ಮ ಮನೆಗಳಲ್ಲಿ 2020ರ ಮಧ್ಯದಲ್ಲಿ ಊಟಕ್ಕೆ ಕೂತರೂ ಒಂದೇ ಮಾತು: ‘ವಾಪಸ್ ಹೋಗೋದಾ, ಇಲ್ಲೇ ಇರೋದಾ?’ ಯುಎಇ ನಿವಾಸ ವೀಸಾ ಇದ್ದವರು ಅನುಮತಿ ಪಡೆದು ಮರಳಲು ಜುಲೈ 12ರಿಂದ ದಾರಿ ತೆರೆದಿತ್ತು. ಉಮ್ಮನಿಗೆ ಮಗ ಹೋಗೋದು ಬೇಡವಾಗಿತ್ತು. ಸಾಲ ಕೊಟ್ಟವರಿಗೆ ಅವನು ಹೋದರೇ ಸಮಾಧಾನ. ಉತ್ತರ ಹೇಳುವ ಮೊದಲು ಆ ಐದಾರು ತಿಂಗಳಲ್ಲಿ ನಡೆದದ್ದನ್ನು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಮಾರ್ಚ್‌ನಲ್ಲಿ ಎಲ್ಲರ ಲೆಕ್ಕವೂ ತಪ್ಪಿತು. 19ರಿಂದ ಯುಎಇ ತನ್ನ ಹೊರಗಿದ್ದ ನಿವಾಸಿಗಳಿಗೂ ಪ್ರವೇಶ ನಿಲ್ಲಿಸಿತು. ರಜೆಗೆ ಊರಿಗೆ ಬಂದವರು ಇಲ್ಲೇ ಉಳಿದರು. 22ರಿಂದ ವಿದೇಶದ ಪ್ರಯಾಣಿಕ ವಿಮಾನಗಳು ಭಾರತಕ್ಕೆ ಬರೋದು ನಿಂತಿತು. ಪೆರ್ನಾಲ್‌ಗೆ ಬರಬೇಕಾದವರು ಅಲ್ಲೇ ಉಳಿದರು. ಹಜ್‌ಗೆ ನಿಯ್ಯತ್ ಮಾಡಿಕೊಂಡಿದ್ದ ಹಿರಿಯರದ್ದೂ ಇದೇ ಪಾಡು. ಈ ಸಲ ಹೊರದೇಶದಿಂದ ಯಾರಿಗೂ ಬರಲಾಗದು ಎಂದು ಸೌದಿ ಸರಕಾರ ಜೂನ್‌ನಲ್ಲಿ ಹೇಳಿದಾಗ, ನಮ್ಮ ದೇಶದಲ್ಲಿ ಅರ್ಜಿ ಹಾಕಿದ್ದವರ ಸಂಖ್ಯೆ 2 ಲಕ್ಷದ 13 ಸಾವಿರ. ಕಟ್ಟಿದ ಹಣ ಪೂರ್ತಿ ವಾಪಸ್ ಎಂದು ಕೇಂದ್ರ ಪ್ರಕಟಿಸಿತು. ಆದರೆ ಕಾದ ವರ್ಷಗಳು ವಾಪಸ್ ಬರುವುದಿಲ್ಲವಲ್ಲ.

ಈ ನಾಲ್ಕು ತಾಲೂಕಿನವರಿಗೆ ಇನ್ನೊಂದು ಕಷ್ಟ ಇತ್ತು. ಮೈಸೂರಿನಿಂದ ಗಲ್ಫ್‌ಗೆ ವಿಮಾನ ಇಲ್ಲ. ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರಬೇಕು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಪಿರಿಯಾಪಟ್ಟಣದ ಕಡೆಯವರಿಗೆ ಮಾಕುಟ್ಟ ದಾರಿ, ಕೋಟೆಯವರಿಗೆ ಬಾವಲಿ ದಾರಿ ಹತ್ತಿರವಾಗಿತ್ತು. ಲಾಕ್‌ಡೌನ್ ಬಂದದ್ದೇ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದರು. ಆಮೇಲೆ ಮೇ 7ಕ್ಕೆ ‘ವಂದೇ ಭಾರತ್’ ಶುರುವಾಗಿ, 12ರ ರಾತ್ರಿ ದುಬೈನಿಂದ ಮೊದಲ ವಿಮಾನ ಮಂಗಳೂರಿಗೆ ಇಳಿಯಿತು. ಟಿಕೆಟ್ ಹಣ ಪ್ರಯಾಣಿಕರದ್ದೇ. ಇಳಿದ ಮೇಲೂ ನೇರ ಮನೆಗೆ ಬರುವ ಹಾಗಿಲ್ಲ, ಮೊದಲು ಕ್ವಾರಂಟೈನ್. ಮಗ ಬಂದ ಅಂತ ಘಾಟಿ ಇಳಿದು ಹೋದ ಉಪ್ಪನಿಗೆ ದೂರದಿಂದ ಕೈ ಬೀಸುವುದಷ್ಟೇ ಸಾಧ್ಯವಾಯಿತು.

ಬರಲಾಗದೆ ಅಲ್ಲೇ ಉಳಿದವರ ಕಡೆ ನೋಡೋಣ. ಮಾರ್ಚ್ 31ರಿಂದ ದುಬೈಯ ನೈಫ್, ಅಲ್ ರಾಸ್ ಪ್ರದೇಶಕ್ಕೆ ಬೀಗ ಬಿತ್ತು. ಒಂದು ರೂಮಿನಲ್ಲಿ ಆರೆಂಟು ಜನ, ಒಬ್ಬರ ಮೇಲೊಬ್ಬರು ಮಲಗುವ ಮಂಚ. ಒಬ್ಬನಿಗೆ ಜ್ವರ ಬಂದರೆ ಉಳಿದವರು ಹೋಗೋದೆಲ್ಲಿಗೆ? ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಹೋದವರ ಕೈಯಲ್ಲಿ ಕಾಸೂ ಇರಲಿಲ್ಲ. ಆಗ ಕೆಸಿಎಫ್, ಕೆಎಂಸಿಸಿಯಂಥ ಅನಿವಾಸಿ ಸಂಘಟನೆಗಳು ದಿನಸಿ ಕಿಟ್ ಹಂಚಿದವು, ಮುಂದೆ ಬಾಡಿಗೆ ವಿಮಾನ ಮಾಡಿ ಜನರನ್ನು ಊರಿಗೆ ಕಳಿಸಿದವು. ಕಿಟ್ ಹೊತ್ತವರು ಯಾರು? ಕೆಲಸ ನಿಂತಿದ್ದ ಡ್ರೈವರ್, ಗ್ರೋಸರಿಯ ಹುಡುಗ, ಊರಿಗೆ ಹೋಗಲು ಟಿಕೆಟ್ ಮಾಡಿ ಕಾದು ಕೂತಿದ್ದವನು. ಬ್ಯಾರಿ, ಮಲಯಾಳಂ, ಕನ್ನಡ, ಹಿಂದಿ, ಒಂದಿಷ್ಟು ಅರಬಿ ಬರುವ ನಮ್ಮ ಹುಡುಗರು ಆಸ್ಪತ್ರೆಗೂ ರೋಗಿಗೂ ನಡುವೆ ಮಾತು ದಾಟಿಸಿದರು. ವರ್ಷಗಟ್ಟಲೆ ಸಂಬಳಕ್ಕಾಗಿ ಮಾತ್ರ ಅಲ್ಲಿದ್ದವರಿಗೆ, ತಾವು ಅಲ್ಲಿರುವುದಕ್ಕೆ ಇನ್ನೊಂದು ಅರ್ಥವೂ ಇದೆ ಅಂತ ಗೊತ್ತಾದದ್ದು ಸಂಬಳ ನಿಂತ ತಿಂಗಳಲ್ಲಿ.

ಹೊರನಾಡಿನಲ್ಲಿ ಯೋಜನೆ ಮುರಿದವರ ಕಥೆ ನಮ್ಮ ಪಕ್ಕದಲ್ಲೇ ಇದೆ. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಗೆ 1960ರ ಆಸುಪಾಸಿನಲ್ಲಿ ಟಿಬೆಟಿನವರು ಬಂದಾಗ, ಒಂದಿನ ಊರಿಗೆ ಮರಳುತ್ತೇವೆ ಎಂಬ ನಂಬಿಕೆಯಲ್ಲೇ ಬಂದರು. ಆಗಿನ ಮೈಸೂರು ಸರಕಾರ ಕೊಟ್ಟ ಸುಮಾರು 3,000 ಎಕರೆ ಕಾಡು ನೆಲವನ್ನು ಹಸನು ಮಾಡಿ, ಜೋಳ ಬೆಳೆದು, ಶಾಲೆ, ಆಸ್ಪತ್ರೆ ಕಟ್ಟಿದರು. ಊರಿನ ಆಸೆ ಬಿಡಲಿಲ್ಲ, ಇದ್ದ ಜಾಗದ ಕೆಲಸವನ್ನೂ ಬಿಡಲಿಲ್ಲ.

ಹಾಗಂತ ಸೇವೆಯ ಮಾತಾಡಿ ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಆ ಸಲ ಹೆಚ್ಚು ನರಳಿದವರಲ್ಲಿ ‘ಫ್ರೀ ವೀಸಾ’ದಲ್ಲಿ ಹೋದವರು, ಕರಾರು ಪತ್ರ ಇಲ್ಲದವರು ಬಹಳ. ಸಂಬಳ ಬಾಕಿ ಕೇಳಲು ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಸಂಘಟನೆ ಒಂದು ಹೊತ್ತಿನ ಊಟ ಕೊಡಬಹುದು, ಇಲ್ಲದ ದಾಖಲೆಯನ್ನು ಕೊಡಲಾರದು.

ಆದ್ದರಿಂದ ಹೋಗುವವರು ಮೂರು ವಿಷಯ ನೋಡಿಕೊಳ್ಳಲಿ. ಒಂದು, ಕಂಪೆನಿ ಕೆಲಸಕ್ಕೆ ಮರಳಿ ಕರೆದಿದೆ ಎಂಬುದು ಬರಹದಲ್ಲಿರಲಿ. ಫೋನಿನ ಮಾತು ಸಾಲದು. ಎರಡು, ವಿಮೆ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಕಡ್ಡಾಯ. 2020ರಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಇತ್ತು, ತೆರಿಗೆ ಬೇರೆ. ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ ರೂಪಾಯಿ ಮನೆಗೆ ಬರುತ್ತದೆ. ಏಜೆಂಟ್ ಮಾಡಿಸಿದ್ದಾನೆ ಅಂತ ಸುಮ್ಮನಿರದೆ ಪಾಲಿಸಿಯ ಪ್ರತಿ ಮನೆಯಲ್ಲಿ ಇಟ್ಟು ಹೋಗಿ. ಮೂರು, ಪಾಸ್‌ಪೋರ್ಟ್, ವೀಸಾ, ಕರಾರು ಎಲ್ಲದರ ನಕಲು ಹೆಂಡತಿಯ ಅಥವಾ ಉಮ್ಮನ ಕೈಯಲ್ಲಿರಲಿ. 2020ರ ಮಾರ್ಚ್‌ನಲ್ಲಿ ಎಷ್ಟೋ ಮನೆಗಳಲ್ಲಿ ಮಗ ಯಾವ ಕಂಪೆನಿಯಲ್ಲಿದ್ದಾನೆ ಅಂತಲೇ ಗೊತ್ತಿರಲಿಲ್ಲ.

ಇಲ್ಲೇ ಉಳಿಯುವವರಿಗೂ ದಾರಿ ಇದೆ. ವಾಪಸ್ ಬಂದವರ ಕೌಶಲವನ್ನು ದಾಖಲಿಸಲು ಕೇಂದ್ರ ಸರಕಾರ 2020ರಲ್ಲಿ ‘ಸ್ವದೇಶ್’ ಎಂಬ ನೋಂದಣಿ ಶುರು ಮಾಡಿತ್ತು. ಹೆಸರು ಬರೆಸಿದರೆ ನಷ್ಟವಿರಲಿಲ್ಲ. ಆದರೆ ಅಂಥದ್ದನ್ನೇ ನಂಬಿ ಕೂರುವುದೂ ಬೇಡ. ಎಸಿ ರಿಪೇರಿ, ವೆಲ್ಡಿಂಗ್, ಅಡುಗೆ, ಲೆಕ್ಕಪತ್ರ ಬಲ್ಲ ಹುಡುಗ ಊರಲ್ಲಿದ್ದರೆ, ಅವನಿಗೊಂದು ಜಾಗ, ಬಡ್ಡಿಯಿಲ್ಲದ ಸಣ್ಣ ಕೈಸಾಲ ಕೊಡಲು ನಮ್ಮ ಜಮಾಅತ್‌ಗಳಿಗೆ ಸಾಧ್ಯವಿಲ್ಲವೇ? ಇಷ್ಟು ವರ್ಷ ಊರಿನ ಮಸೀದಿ, ಮದ್ರಸ, ಮದುವೆ ಅಂತ ಚಂದಾ ಕೇಳಿದಾಗೆಲ್ಲ ಕೊಟ್ಟವನು ಅವನು. ಈಗ ಬರಿಗೈಯಲ್ಲಿ ಬಂದಾಗ ‘ಯಾವಾಗ ಹೋಗ್ತೀಯ?’ ಅಂತ ಕೇಳುವ ಮೊದಲು ‘ಊಟ ಆಯ್ತಾ, ಏನಾದ್ರೂ ಬೇಕಾ?’ ಅಂತ ಕೇಳೋಣ.

ಹೋಗೋದೋ ಇರೋದೋ ಅನ್ನೋದು ಆಯಾ ಮನೆಯವರು ಕೂತು ತೀರ್ಮಾನಿಸಲಿ. ಹೋಗುವವರು ಕಾಗದಪತ್ರ ಸರಿಮಾಡಿಕೊಂಡು ಹೋಗಲಿ. ಅಲ್ಲಿ ಪಕ್ಕದ ರೂಮಿನವನ ಹೆಸರೂ ತಿಳಿದಿರಲಿ. ನೈಫ್‌ನಲ್ಲಿ ಬಾಗಿಲು ಮುಚ್ಚಿದ ದಿನ ಅನ್ನ ತಂದವನು ಅವನೇ.