ತಿಳಿಗಣ್ಣಿನ ನೋಟ



ಆಂಗ್ಲಭಾಷೆಯಲ್ಲಿ ‘ಕ್ಲಿಯರ್-ಐಡ್’ ಎಂಬ ವಿಶೇಷಣವೊಂದುಂಟು. ನಿರ್ಮಲವಾದ ಕಣ್ಣುಗಳುಳ್ಳ ಎಂಬುದು ಅದರ ವಾಚ್ಯಾರ್ಥ. ಆಸೆಯಿಂದಲೂ ಅಂಜಿಕೆಯಿಂದಲೂ ಮಸಕಾಗದೆ, ಇದ್ದುದನ್ನು ಇದ್ದಂತೆಯೇ ಕಾಣುವ ಎಂಬುದು ರೂಢಾರ್ಥ. ವ್ಯಕ್ತಿಗೂ, ಆತನ ನಿರ್ಣಯಕ್ಕೂ, ಬರಹಕ್ಕೂ ಇದನ್ನು ಮೆಚ್ಚುಗೆಯ ಮಾತಾಗಿ ಬಳಸುತ್ತಾರೆ.

ಇದನ್ನು ‘ವಾಸ್ತವವಾದಿ’ ಎಂದು ಕನ್ನಡಿಸುವುದು ತಪ್ಪಲ್ಲ, ಆದರೆ ಸಾಲದು. ‘ಲೋಕವೇ ಹೀಗೆ, ಮಾಡುವುದೇನು?’ ಎಂದು ಕೈಚೆಲ್ಲುವವನೂ ತನ್ನನ್ನು ವಾಸ್ತವವಾದಿಯೆಂದೇ ಕರೆದುಕೊಳ್ಳುತ್ತಾನೆ. ‘ತಿಳಿಗಣ್ಣಿನ’ ಎಂದರೆ ಅರ್ಥ ಹೆಚ್ಚು ಹೊಂದುತ್ತದೆ. ‘ತಿಳಿ’ ಎಂದರೆ ಕದಡದ ನೀರಿನ ನೈರ್ಮಲ್ಯ. ‘ತಿಳಿ’ ಎಂದರೆ ಅರಿಯುವುದೂ ಹೌದು. ಕೆಸರು ಇಳಿದ ಮೇಲಲ್ಲವೇ ಕೆರೆಯ ತಳ ಕಾಣುವುದು?

ಇದಕ್ಕೆ ನಿದರ್ಶನವಾಗಿ 1880ರಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. ವಚನಗಳ ತಾಡೋಲೆಗಳು ಮಠ-ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದವು. ಆದರೆ ಪೂಜೆಯೊಂದೇ ಗೆದ್ದಲನ್ನು ತಡೆಯಲಾರದು. ಬಿಚ್ಚಿ ಓದದ ಕಟ್ಟು ಅರಿವನ್ನೀಯಲಾರದು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಈ ಕಹಿಸತ್ಯವನ್ನು ಕಂಡರು. ಕಂಡು ಮರುಗುತ್ತ ಕುಳಿತುಕೊಳ್ಳಲಿಲ್ಲ. ಓಲೆಗಳನ್ನು ಅರಸಿ ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ನೋಟದಿಂದ ಅವರ ಭಕ್ತಿಗೆ ಕುಂದು ಬರಲಿಲ್ಲ, ಬಲ ಬಂದಿತು.

ನಮ್ಮ ಮನೆಗಳಿಗೂ ಈ ನೋಟ ಬೇಕು. ಮಗಳ ಮದುವೆಗೆಂದು ಹೊಲವನ್ನು ಒತ್ತೆಯಿಡುವಾಗ ‘ಮಂದಿ ಏನೆಂದಾರು’ ಎಂಬ ಅಂಜಿಕೆ ಕಣ್ಣಿಗೆ ಪೊರೆ ಕಟ್ಟುತ್ತದೆ. ಸಾಲವೆಷ್ಟು, ಬಡ್ಡಿಯೆಷ್ಟು, ತೀರಿಸುವ ಕೈ ಯಾವುದು ಎಂದು ಆ ಹೊತ್ತಿನಲ್ಲಿ ಕೇಳುವ ಹಿರಿಯರನ್ನು ಜಿಪುಣರೆಂದು ಹಳಿಯುತ್ತೇವೆ. ವಾಸ್ತವವಾಗಿ ಅವರೇ ಆ ಮಗುವಿನ ಹಿತೈಷಿಗಳು. ಚಪ್ಪರ ಎರಡು ದಿನದಲ್ಲಿ ಇಳಿಯುತ್ತದೆ. ಸಾಲ ಮನೆಯಲ್ಲಿಯೇ ಉಳಿಯುತ್ತದೆ. ಮಗಳ ಮೇಲಿನ ಮಮತೆಗೂ ಲೆಕ್ಕದ ಮೇಲಿನ ಲಕ್ಷ್ಯಕ್ಕೂ ವಿರೋಧವಿಲ್ಲ.

ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವ ಸಾಧನೆ ನಮಗೆ ನಿತ್ಯವೂ ಉಂಟು. ಚಂಚಲವಾದ ಕಣ್ಣು ಅಲ್ಲಿ ಶಾಂತವಾಗುತ್ತದೆ. ಪೂಜೆ ಮುಗಿಸಿ ಎದ್ದ ಮೇಲೆ ಆ ಶಾಂತದೃಷ್ಟಿಯನ್ನೇ ಮನೆಯ ಸಾಲದ ಮೇಲೆಯೂ, ಮಕ್ಕಳ ಶಕ್ತಿ-ಮಿತಿಗಳ ಮೇಲೆಯೂ, ಕಡೆಗೆ ನಮ್ಮ ಮೇಲೆಯೂ ಹೊರಳಿಸಿದರೆ ಈ ಪದದ ಅರ್ಥಕ್ಕೆ ನಿಘಂಟು ಬೇಕಾಗುವುದಿಲ್ಲ.