ಗಾಯವೇನೋ ಮಾಯ್ತು...

ಮೊನ್ನೆ ಊರಿಗೆ ಹೋಗಿದ್ದೆ. ಎರಡು ವರ್ಷದ ಹಿಂದೆ ಪುಣಜನೂರು ಚೆಕ್‌ಪೋಸ್ಟ್ ಹತ್ತಿರ ಬೈಕಿಂದ ಬಿದ್ದಿದ್ದ ನಮ್ಮಣ್ಣನ ಮಗನಿಗೆ ಈಗ ಐದನೇ ಕ್ಲಾಸು. ಅವತ್ತು ಹೆಲ್ಮೆಟ್ ಇದ್ದದ್ದು ಅಪ್ಪನಿಗೆ ಮಾತ್ರ. ತಲೆಯ ಹೊಲಿಗೆ ಕೂದಲಲ್ಲಿ ಮುಚ್ಚಿಹೋಗಿದೆ. "ಮಗ್ಗಿಯೆಲ್ಲ ಬತ್ತದೆ ಕಣಪ್ಪ, ಲೆಕ್ಕ ಮಾಡು ಅಂದ್ರೆ ಅರ್ಧಕ್ಕೇ ಎದ್ದೋಯ್ತನೆ. ಬರೀ ಸಿಟ್ಟು" ಅಂದ್ರು ಅತ್ತಿಗೆ. ಮೇಷ್ಟ್ರು ಸೋಮಾರಿ ಅಂತಾರಂತೆ.

ಸೋಮಾರಿತನ ಅಲ್ಲ ಸ್ವಾಮಿ! ಗಮನ ಹಿಡಿಯೋದು, ಸಿಟ್ಟು ತಡೆಯೋದು ಹಣೆಯ ಹಿಂದಿನ ಮಿದುಳಿನ ಕೆಲಸ. ಅದು ಇಪ್ಪತ್ತು ದಾಟಿದರೂ ಬೆಳೀತಾ ಇರುತ್ತೆ. ಹಾಗಾಗಿ ಚಿಕ್ಕಂದಿನ ಪೆಟ್ಟು ಎಷ್ಟೋ ಸಲ ಪಾಠ ಕಷ್ಟವಾದಾಗಲೇ ಎದ್ದು ಕಾಣೋದು. ಅಮೆರಿಕದ ಟೇಲರ್ ಮತ್ತು ಸಂಗಡಿಗರು 2001ರಲ್ಲೇ ಇನ್ನೊಂದು ತೋರಿಸಿದ್ದರು: ಇಂಥ ಮಗುವಿನ ನಡವಳಿಕೆ ಮನೆಯವರನ್ನು ಕುಗ್ಗಿಸುತ್ತೆ, ಕುಗ್ಗಿದ ಮನೆ ತಿರುಗಿ ಮಗುವಿನ ನಡವಳಿಕೆ ಕೆಡಿಸುತ್ತೆ. ಲೂಪ್! (ಕ್ಷಮಿಸಿ, ಸಾಫ್ಟ್‌ವೇರ್ ಬುದ್ಧಿ.)

ಅಮೆರಿಕ 1990ರಲ್ಲೇ ಮಿದುಳಿನ ಪೆಟ್ಟನ್ನು ವಿಶೇಷ ಶಿಕ್ಷಣದ ಕಾನೂನಿಗೆ ಸೇರಿಸಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದರ ಹೆಸರಿಲ್ಲ. ಕಾಯ್ದೆ ಬದಲಾಗೋದು ಯಾವಾಗಲೋ... ಅಲ್ಲಿವರೆಗೆ ಡಿಸ್ಚಾರ್ಜ್ ಮಾಡುವಾಗ ಮೇಷ್ಟ್ರಿಗೆ ಅಂತ ಕನ್ನಡದಲ್ಲೊಂದು ಚೀಟಿ ಬರೆದುಕೊಡಲಿ ಅನ್ನೋದು ನನ್ನ ವಾದ. ಅಣ್ಣನ ಮನೆಯ ಫೈಲಲ್ಲಿ ಸ್ಕ್ಯಾನು, ಬಿಲ್ಲು, ಮಾತ್ರೆ ಚೀಟಿ ಎಲ್ಲಾ ಇದೆ. ಅದೊಂದಿಲ್ಲ.