ಅರವತ್ತಕ್ಕೆ ಅರವತ್ತು

2024ರ ನವೆಂಬರ್ 10ರಂದು ಮಾರಿಷಸ್ ಜನ ಸಂಸತ್ತಿಗೆ ಮತ ಹಾಕಿದರು. ಮರುದಿನ ಎಣಿಕೆ ಮುಗಿಯುವ ಹೊತ್ತಿಗೆ ಮುಖ್ಯ ದ್ವೀಪದ 60 ಸ್ಥಾನಗಳೂ ನವೀನ್ ರಾಮ್‌ಗುಲಾಮ್ ನೇತೃತ್ವದ ಮೈತ್ರಿಕೂಟದ ಪಾಲಾಗಿದ್ದವು. ಲೇಬರ್ ಪಕ್ಷ, ಪಾಲ್ ಬೆರಾಂಜೆಯವರ ಎಂಎಂಎಂ ಮತ್ತು ಎರಡು ಸಣ್ಣ ಪಕ್ಷಗಳು ಸೇರಿ ಕಟ್ಟಿಕೊಂಡಿದ್ದ ಕೂಟವದು. ಪ್ರಧಾನಿ ಪ್ರವಿಂದ್ ಜಗನ್ನಾಥ್ ತಮ್ಮ ಕ್ಷೇತ್ರವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಆದರೂ ಅವರ ಬಣಕ್ಕೆ ಮತ ಹಾಕಿದವರು ಬೆರಳೆಣಿಕೆಯಷ್ಟು ಮಂದಿಯೇನಲ್ಲ, ಒಟ್ಟು ಮತದಲ್ಲಿ ಕಾಲು ಪಾಲಿಗಿಂತ ಹೆಚ್ಚು ಅವರಿಗೇ ಬಿದ್ದಿತ್ತು. ಕಾಲು ಪಾಲು ಜನರ ಮತಕ್ಕೆ ಒಂದೇ ಒಂದು ಕ್ಷೇತ್ರವೂ ದಕ್ಕದಿದ್ದರೆ ಅದನ್ನು ಜನಾದೇಶ ಎನ್ನಬಹುದೇ? ಎನ್ನಬಹುದು. ಆದರೆ ಆ ಜನಾದೇಶದಲ್ಲಿ ಒಂದು ದೊಡ್ಡ ಕೊರತೆಯಿದೆ, ಅದನ್ನು ತುಂಬಬೇಕಾದವರು ಗೆದ್ದವರೇ ಎಂಬುದು ನನ್ನ ವಾದ.

ಸೋಲಿಗೆ ಕಾರಣಗಳಿದ್ದವು, ಅವು ಸಣ್ಣವೂ ಅಲ್ಲ. ಬೆಲೆ ಏರಿಕೆಯ ಬೇಗೆ ಇತ್ತು. ಅದರ ಮೇಲೆ, ಮತದಾನಕ್ಕೆ ಕೆಲವೇ ವಾರಗಳಿರುವಾಗ ರಾಜಕಾರಣಿಗಳ, ಪತ್ರಕರ್ತರ, ಅಧಿಕಾರಿಗಳ ದೂರವಾಣಿ ಮಾತುಗಳ ಧ್ವನಿಮುದ್ರಿಕೆಗಳು ಒಂದರ ಹಿಂದೊಂದು ಸಾಮಾಜಿಕ ಜಾಲತಾಣದಲ್ಲಿ ಬಯಲಾದವು. ತಮ್ಮ ಮಾತನ್ನೂ ಯಾರೋ ಕದ್ದು ಕೇಳುತ್ತಿರಬಹುದು ಎಂಬ ಅಳುಕು ಮನೆಮನೆಗೂ ಹರಡಿತು. ಸರ್ಕಾರವೋ ಚುನಾವಣೆ ಮುಗಿಯುವ ತನಕ ಸಾಮಾಜಿಕ ಜಾಲತಾಣಗಳನ್ನೇ ಮುಚ್ಚಲು ಹೊರಟಿತು. ಪ್ರತಿಭಟನೆಯ ಬಿಸಿಗೆ ಮರುದಿನವೇ ಆ ಆದೇಶವನ್ನು ಹಿಂದೆಗೆದುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾಗೋಸ್ ದ್ವೀಪಗಳ ಮೇಲಿನ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡಲು ಬ್ರಿಟನ್ ಒಪ್ಪಿತ್ತು. ಬೇರೆ ಹೊತ್ತಿನಲ್ಲಾಗಿದ್ದರೆ ಅದೊಂದೇ ಸಾಧನೆ ಆಳುವವರನ್ನು ದಡ ಸೇರಿಸುತ್ತಿತ್ತು. ಈ ಸಲ ಅದರಿಂದಲೂ ಆಗಲಿಲ್ಲ. ತಮ್ಮ ಮಾತನ್ನು ಕದ್ದು ಕೇಳುವ, ಬಾಯಿ ಮುಚ್ಚಿಸಲು ನೋಡುವ ಸರ್ಕಾರವನ್ನು ಜನ ಮತ ಹಾಕಿಯೇ ಇಳಿಸಿದರಲ್ಲ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ತೊಡಕಿರುವುದು ಎಣಿಕೆಯಲ್ಲಿ. ಮಾರಿಷಸ್ ದ್ವೀಪದಲ್ಲಿ 20 ಕ್ಷೇತ್ರಗಳು, ಒಂದೊಂದಕ್ಕೂ ಮೂವರು ಸದಸ್ಯರು. ದೂರದ ರೊಡ್ರಿಗಸ್ ದ್ವೀಪಕ್ಕೆ ಒಂದೇ ಕ್ಷೇತ್ರ, ಇಬ್ಬರು ಸದಸ್ಯರು. ಮತಗಟ್ಟೆಗೆ ಬಂದ ಮತದಾರಳ ಕೈಯಲ್ಲಿ ಉದ್ದನೆಯ ಮತಪತ್ರ. ಅವಳು ಅದರಲ್ಲಿ ಮೂವರ ಮುಂದೆ ಗುರುತು ಹಾಕಬೇಕು. ಬೇರೆ ಬೇರೆ ಪಕ್ಷಗಳಿಂದ ಒಬ್ಬೊಬ್ಬರನ್ನು ಆರಿಸುವ ಸ್ವಾತಂತ್ರ್ಯ ಅವಳಿಗಿದೆ. ಆದರೆ ಹೆಚ್ಚಿನವರು ಒಂದೇ ಕೂಟದ ಮೂವರಿಗೂ ಹಾಕಿ ಬರುತ್ತಾರೆ, ಪಕ್ಷಗಳು ಪ್ರಚಾರದಲ್ಲಿ ಬೇಡುವುದೂ ಅದನ್ನೇ. ಹಾಗಾಗಿ ಕ್ಷೇತ್ರದಲ್ಲಿ ನೂರಕ್ಕೆ ಅರವತ್ತು ಮಂದಿ ಒಂದು ಕಡೆ ವಾಲಿದರೆ ಮೂರು ಸ್ಥಾನಗಳೂ ಆ ಕಡೆಗೇ ಹೋಗುತ್ತವೆ. ಉಳಿದ ನಲವತ್ತು ಮಂದಿಗೆ ಮೂರರಲ್ಲಿ ಒಂದೂ ಇಲ್ಲ. ಇಪ್ಪತ್ತು ಕಡೆಯೂ ಹೀಗೇ ಆದರೆ ಅರವತ್ತಕ್ಕೆ ಅರವತ್ತು.

ಇದೇ ಎಣಿಕೆ 2019ರಲ್ಲಿ ಜಗನ್ನಾಥರ ಕೈ ಹಿಡಿದಿತ್ತು. ಆಗ ತ್ರಿಕೋನ ಸ್ಪರ್ಧೆ. ಸುಮಾರು ಶೇ. 37ರಷ್ಟು ಮತ ಪಡೆದು ಅವರ ಕೂಟ, ಮುಂದೆ ಹೇಳಲಿರುವ ಎಂಟು ಹೆಚ್ಚುವರಿ ಸ್ಥಾನಗಳೂ ಸೇರಿ 70ರ ಸದನದಲ್ಲಿ, 42 ಸ್ಥಾನ ಗಳಿಸಿತು. ಮತ ಹಾಕಿದವರಲ್ಲಿ ಹೆಚ್ಚು ಜನರಿಗೆ ಬೇಡವಾಗಿದ್ದ ಸರ್ಕಾರ ಸ್ಪಷ್ಟ ಬಹುಮತದಿಂದ ಐದು ವರ್ಷ ಆಳಿತು. ಅಂದು ಅದು ಅನ್ಯಾಯವೆಂದು ಕಂಡವರಿಗೆ 2024ರ ಫಲಿತಾಂಶವೂ ಕಸಿವಿಸಿ ತರಬೇಕು.

ಇದಕ್ಕೆ ಮೈತ್ರಿಕೂಟಗಳನ್ನೇ ದೂರುವವರಿದ್ದಾರೆ. ಪಕ್ಷಗಳು ಅಧಿಕಾರಕ್ಕಾಗಿ ಒಟ್ಟಾಗುತ್ತವೆ, ಮತದಾರನ ಆಯ್ಕೆ ಎರಡೇ ಹೆಸರಿಗೆ ಇಳಿಯುತ್ತದೆ ಎಂಬುದು ಅವರ ಆಕ್ಷೇಪ. ನಾನು ಇದನ್ನು ಒಪ್ಪುವುದಿಲ್ಲ. 1976ರಲ್ಲಿ ಎಂಎಂಎಂ ಎಲ್ಲರಿಗಿಂತ ಹೆಚ್ಚು ಸ್ಥಾನ ಗೆದ್ದಿತು. ಆದರೆ ಲೇಬರ್ ಮತ್ತು ಪಿಎಂಎಸ್‌ಡಿ ಪಕ್ಷಗಳು ಚುನಾವಣೆ ಮುಗಿದ ಮೇಲೆ ಕೈಜೋಡಿಸಿ ಅದನ್ನು ಹೊರಗಿಟ್ಟವು. ಕಾನೂನಿನಲ್ಲಿ ತಪ್ಪಿಲ್ಲ, ಆದರೆ ಆ ಜೋಡಿಗೆಂದು ಯಾರೂ ಮತ ಹಾಕಿರಲಿಲ್ಲ. ಮುಂದಿನ ಚುನಾವಣೆಗಳಲ್ಲಿ ಪಕ್ಷಗಳು ಮೊದಲೇ ಒಪ್ಪಂದಕ್ಕೆ ಬಂದು ಜನರ ಮುಂದೆ ನಿಲ್ಲುವುದು ವಾಡಿಕೆಯಾಯಿತು. ಪ್ರಧಾನಿ ಯಾರು, ಯಾರಿಗೆ ಎಷ್ಟು ಟಿಕೆಟ್, ಎಲ್ಲವೂ ಮುಂಚೆಯೇ ಬಯಲಾಗಿರುತ್ತದೆ. 2000ದಲ್ಲಂತೂ ಅನಿರುದ್ಧ ಜಗನ್ನಾಥ್ ಮೂರು ವರ್ಷ, ಬೆರಾಂಜೆ ಎರಡು ವರ್ಷ ಪ್ರಧಾನಿಯಾಗುತ್ತೇವೆಂದು ಮೊದಲೇ ಹೇಳಿ ಗೆದ್ದರು, 2003ರಲ್ಲಿ ಹೇಳಿದಂತೆಯೇ ಕುರ್ಚಿ ಕೈ ಬದಲಾಯಿಸಿತು. ಹಿಂದೂ ಸಮುದಾಯದ ಹೊರಗಿನ ಮೊದಲ ಪ್ರಧಾನಿ ಆ ದೇಶಕ್ಕೆ ಸಿಕ್ಕಿದ್ದು ಹಾಗೆ. ಸರಕನ್ನು ಮುಟ್ಟಿ ನೋಡಿ ಕೊಳ್ಳುವ ಅವಕಾಶ ಗಿರಾಕಿಗೆ ಇದ್ದರೆ ಅದು ನ್ಯಾಯವಾದ ವ್ಯಾಪಾರ.

ಮುಟ್ಟಿ ನೋಡಿ ಬೇಡವೆನ್ನಲೂ ಮಾರಿಷಸ್ ಜನರಿಗೆ ಗೊತ್ತು. 2014ರಲ್ಲಿ ಇದೇ ರಾಮ್‌ಗುಲಾಮ್, ಇದೇ ಬೆರಾಂಜೆ ಒಂದಾಗಿ ನಿಂತಿದ್ದರು. ಇಬ್ಬರ ಹಳೆಯ ಮತಗಳನ್ನು ಕೂಡಿದರೆ ಸೋಲುವ ಮಾತೇ ಇರಲಿಲ್ಲ. ಆದರೆ ಜನರಿಂದಲೇ ಆಯ್ಕೆಯಾಗುವ, ಹೆಚ್ಚು ಅಧಿಕಾರವುಳ್ಳ ರಾಷ್ಟ್ರಪತಿಯಾಗಿ ರಾಮ್‌ಗುಲಾಮ್, ಪ್ರಧಾನಿಯಾಗಿ ಬೆರಾಂಜೆ ಎಂಬ ಅವರ ಏರ್ಪಾಟು ಇಬ್ಬರೂ ಅಧಿಕಾರ ಹಂಚಿಕೊಳ್ಳಲು ಹೂಡಿದ ಆಟವಾಗಿ ಜನರಿಗೆ ಕಂಡಿತು. ಕೂಟ ಸೋತಿತು, ರಾಮ್‌ಗುಲಾಮ್ ಸ್ವಂತ ಕ್ಷೇತ್ರದಲ್ಲೂ ಸೋತರು. ಹತ್ತು ವರ್ಷದ ನಂತರ ಅದೇ ಜೋಡಿಯನ್ನು ಜನ ಎತ್ತಿ ಹಿಡಿದರು. ಮೈತ್ರಿಯ ಹೆಸರಿಗೆ ಕಣ್ಣುಮುಚ್ಚಿ ಮತ ಹಾಕುವವರು ಹೀಗೆ ಮಾಡುತ್ತಿರಲಿಲ್ಲ.

ಹಾಗಿದ್ದರೆ ವಿರೋಧಪಕ್ಷ ಇಲ್ಲದ ಸದನದಿಂದ ಕೆಡುಕೇನು? ಇದಕ್ಕೆ ಮಾರಿಷಸ್‌ನ ಸ್ವಂತ ಇತಿಹಾಸದಲ್ಲೇ ಉತ್ತರವಿದೆ. ಅರವತ್ತಕ್ಕೆ ಅರವತ್ತು ಗೆದ್ದಿದ್ದು ಇದೇ ಮೊದಲಲ್ಲ. 1982ರಲ್ಲಿ ಎಂಎಂಎಂ ಮತ್ತು ಪಿಎಸ್‌ಎಂ ಪಕ್ಷಗಳ ಕೂಟ ಹೀಗೇ ಗೆದ್ದಾಗ, ಸ್ವಾತಂತ್ರ್ಯ ತಂದುಕೊಟ್ಟ ಶಿವಸಾಗರ ರಾಮ್‌ಗುಲಾಮ್ ಸಹ ಸೋತಿದ್ದರು. 1983ರ ಮಾರ್ಚ್‌ನಲ್ಲಿ ಆ ಸರ್ಕಾರ ಒಡೆಯಿತು. ಹಣಕಾಸು ಸಚಿವ ಬೆರಾಂಜೆ ಮತ್ತು ಸಂಗಡಿಗರು ಹೊರನಡೆದರು, ಆಗಸ್ಟ್‌ನಲ್ಲಿ ಮತ್ತೆ ಚುನಾವಣೆ. 1995ರಲ್ಲಿ ಲೇಬರ್ ಮತ್ತು ಎಂಎಂಎಂ ಕೂಟ ಎಲ್ಲವನ್ನೂ ಬಾಚಿಕೊಂಡಿತು. ಎರಡು ವರ್ಷ ತುಂಬುವ ಮೊದಲೇ, 1997ರಲ್ಲಿ, ಉಪಪ್ರಧಾನಿ ಬೆರಾಂಜೆಯವರನ್ನು ನವೀನ್ ರಾಮ್‌ಗುಲಾಮ್ ಸಂಪುಟದಿಂದ ಕೈಬಿಟ್ಟರು, ಮೈತ್ರಿ ಮುರಿಯಿತು. ಮೂರೂ ಸಲ ಬೆರಾಂಜೆ ಗೆದ್ದ ಕಡೆಯೇ ಇದ್ದರು ಎಂಬುದನ್ನು ಗಮನಿಸಬೇಕು, ಆದರೆ ಎರಡು ಒಡಕುಗಳನ್ನೂ ಅವರೊಬ್ಬರ ಸ್ವಭಾವದ ಮೇಲೆ ಹೊರಿಸಿದರೆ ಏನೂ ತಿಳಿದಂತಾಗುವುದಿಲ್ಲ. ಸದನದಲ್ಲಿ ಎದುರಾಳಿ ಇದ್ದರೆ ಮಿತ್ರಪಕ್ಷಗಳು ಒಟ್ಟಿಗಿರಲು ಒಂದು ಕಾರಣವಿರುತ್ತದೆ. ಎದುರಾಳಿಯೇ ಇಲ್ಲದಿದ್ದರೆ ಬಜೆಟ್ ಬಗೆಗಿನ ಜಗಳ, ನೇಮಕದ ಜಗಳ, ಉತ್ತರಾಧಿಕಾರದ ಜಗಳ ಎಲ್ಲವೂ ಸಂಪುಟದ ಒಳಗೇ ನಡೆಯುತ್ತವೆ. ವಿರೋಧಪಕ್ಷ ಎಲ್ಲರೆದುರು ಕೇಳಬೇಕಾದ ಪ್ರಶ್ನೆಯನ್ನು ಮಿತ್ರಪಕ್ಷ ಮುಚ್ಚಿದ ಬಾಗಿಲ ಹಿಂದೆ ಕೇಳುತ್ತದೆ, ಉತ್ತರ ಸಿಗದಿದ್ದಾಗ ಸರ್ಕಾರವೇ ಅಲುಗಾಡುತ್ತದೆ.

ಸದನ ಪೂರ್ತಿ ಬರಿದಾಗದಂತೆ ತಡೆಯಲು ಅಲ್ಲೊಂದು ಉಪಾಯವಿದೆ. ಅದಕ್ಕೆ ‘ಬೆಸ್ಟ್ ಲೂಸರ್’ ಪದ್ಧತಿ ಎನ್ನುತ್ತಾರೆ. ಸೋತವರಲ್ಲಿ ಹೆಚ್ಚು ಮತ ಪಡೆದ ಕೆಲವರಿಗೆ, ಎಂಟರವರೆಗೆ, ಸ್ಥಾನ ಕೊಡುತ್ತಾರೆ. ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಇವು ಮೂರಕ್ಕೂ ಸೇರದವರೆಲ್ಲ ‘ಸಾಮಾನ್ಯ ಜನಸಂಖ್ಯೆ’, ಹೀಗೆ ನಾಲ್ಕು ವರ್ಗಗಳಲ್ಲಿ ಯಾವುದಕ್ಕೆ ಪ್ರಾತಿನಿಧ್ಯ ಕಡಿಮೆಯಾಯಿತೆಂದು ನೋಡಿ ಹಂಚುತ್ತಾರೆ. 1968ರ ಸ್ವಾತಂತ್ರ್ಯದ ಹೊಸ್ತಿಲಲ್ಲಿ ಅಲ್ಪಸಂಖ್ಯಾತರಿಗಿದ್ದ ದಿಗಿಲು ನಿಜವಾದದ್ದು, ಈ ಪದ್ಧತಿ ಅದನ್ನು ಶಮನಗೊಳಿಸಿತು. ಅದಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಇಂದಿಗೂ ಲೆಕ್ಕಕ್ಕೆ ಆಧಾರ 1972ರ ಜನಗಣತಿ, ಏಕೆಂದರೆ ಆಮೇಲಿನ ಗಣತಿಗಳಲ್ಲಿ ಸಮುದಾಯವನ್ನು ಕೇಳುವುದನ್ನೇ ಬಿಟ್ಟರು. ಅರ್ಧ ಶತಮಾನದ ಹಿಂದಿನ ತಲೆಲೆಕ್ಕದಿಂದ ಇಂದಿನ ಶಾಸಕರು ನೇಮಕವಾಗುತ್ತಾರೆ. ಜಗನ್ನಾಥರ ಬಣಕ್ಕೆ 2024ರಲ್ಲಿ ಈ ದಾರಿಯಲ್ಲಿ ಬಂದದ್ದು ಎರಡು ಸ್ಥಾನ, ಆ ಇಬ್ಬರಲ್ಲಿ ಒಬ್ಬರಾದ ಜೋ ಲೆಸ್‌ಜೋಂಗಾರ್ ವಿರೋಧಪಕ್ಷದ ನಾಯಕರಾದರು. ಕಾಲು ಪಾಲು ಮತದಾರರ ದನಿ ಸದನ ಮುಟ್ಟಿದ್ದು ಮತದ ಬಲದಿಂದಲ್ಲ, ಸಮುದಾಯದ ಲೆಕ್ಕದಿಂದ. ಇದು ನನಗೆ ತುಂಬ ನೋವಿನ ಸಂಗತಿ.

ಮದ್ದು ಯಾರಿಗೂ ತಿಳಿಯದ್ದೇನಲ್ಲ. ದಕ್ಷಿಣ ಆಫ್ರಿಕದ ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ನೇತೃತ್ವದ ಆಯೋಗ 2002ರಲ್ಲೇ ದಾರಿ ತೋರಿಸಿತ್ತು. ಮುಂದೆ ಭಾರತದ ಮುಖ್ಯ ಚುನಾವಣಾ ಆಯುಕ್ತರಾದ ಬಿ.ಬಿ. ಟಂಡನ್ ಅದರ ಸದಸ್ಯರು. ಈಗಿರುವ 62 ಸ್ಥಾನಗಳು ಹಾಗೆಯೇ ಇರಲಿ, ಶೇ. 10ಕ್ಕಿಂತ ಹೆಚ್ಚು ಮತ ಪಡೆದ ಪಕ್ಷಗಳಿಗೆ ಅವುಗಳ ಮತಪ್ರಮಾಣ ನೋಡಿ 30 ಸ್ಥಾನಗಳನ್ನು ಹೆಚ್ಚುವರಿಯಾಗಿ ಕೊಡಿ ಎಂಬುದು ಅದರ ಸಲಹೆಯ ತಿರುಳು. ಗೆದ್ದವರು ಗೆದ್ದವರಾಗಿಯೇ ಉಳಿಯುತ್ತಾರೆ, ಸೋತವರಿಗೆ ಮಾತಾಡಲು ಜಾಗವಿರುತ್ತದೆ. ಇದರಿಂದ ಸರ್ಕಾರಗಳು ಅಭದ್ರವಾಗುತ್ತವೆ ಎನ್ನುವವರು 1983 ಮತ್ತು 1997ನ್ನು ಇನ್ನೊಮ್ಮೆ ನೆನೆಯಬೇಕು. ಎದುರಾಳಿಯೇ ಇಲ್ಲದ ಎರಡು ಮೈತ್ರಿಗಳು ಬಾಳಿದ್ದು ಎಷ್ಟು ದಿನ?

ಇಂಥ ತಿದ್ದುಪಡಿಗೆ ಸಂವಿಧಾನ ಮುಕ್ಕಾಲು ಬಹುಮತ ಕೇಳುತ್ತದೆ. ಅಷ್ಟು ಬಹುಮತ ಒಂದು ಸರ್ಕಾರಕ್ಕೆ ಸಿಗುವುದು ಅಪರೂಪ, ಸಿಕ್ಕಾಗ ಗೆದ್ದವರಿಗೆ ಪದ್ಧತಿ ಬದಲಿಸುವ ಮನಸ್ಸಿರುವುದು ಇನ್ನೂ ಅಪರೂಪ. 2024ರಲ್ಲಿ ಅಷ್ಟೂ ಬಲ ರಾಮ್‌ಗುಲಾಮ್ ಕೂಟಕ್ಕೆ ಸಿಕ್ಕಿತು. ಅದೇ ಕೂಟದ ಪಾಲುದಾರನಾದ ‘ರೆಜಿಸ್ತಾನ್ಸ್ ಎಕ್ ಆಲ್ತರ್ನಾತಿವ್’ ಪಕ್ಷದವರು ಹಿಂದೆ ನಾಮಪತ್ರದಲ್ಲಿ ತಮ್ಮ ಸಮುದಾಯ ಬರೆಯಲು ಒಪ್ಪದೆ ಸ್ಪರ್ಧೆಯ ಅವಕಾಶವನ್ನೇ ಕಳೆದುಕೊಂಡವರು. ಆ ಹೋರಾಟವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ತನಕ ಒಯ್ದು 2012ರಲ್ಲಿ ತಮ್ಮ ಪರವಾದ ಅಭಿಪ್ರಾಯವನ್ನು ಪಡೆದವರು. ಅವರಲ್ಲೊಬ್ಬರು ಗೆಲುವಿನ ನಂತರ ಸಚಿವರೂ ಆದರು. ನ್ಯಾಯಾಲಯದಲ್ಲಿ ಅಷ್ಟು ವರ್ಷ ಕೇಳಿದ್ದನ್ನು ಸಂಪುಟದ ಮೇಜಿನ ಮುಂದಿಟ್ಟು ಮಸೂದೆಯಾಗಿಸುವುದು ಅವರಿಂದಲೇ ಮೊದಲಾಗಲಿ.